ಕಮಲಾಕ್ಷನ ಬಲಗೈಗೆ ಪ್ರಸಾದ

ಕ್ಷಮಿಸುವವನೇ ದೊಡ್ಡವನು ಎಂದು ನನಗೆ ಬುದ್ಧಿ ಹೇಳಲು ಬಂದವರಿಗೆಲ್ಲ ಎರಡೂ ಕೈ ನೆಟ್ಟಗಿದ್ದವು. ಅಂಥವರಿಗೆ ನಾನು ಬಂಟ್ವಾಳ ಪೇಟೆಯ ಕಮಲಾಕ್ಷನ ಕಥೆ ಹೇಳುತ್ತೇನೆ.

ಹೊಳೆಬದಿಯ ಅಕ್ಕಿ ಮಿಲ್ಲಿನಲ್ಲಿ ಅವನು ಎಂಜಿನ್ ಡ್ರೈವರ್. ಮಿಲ್ಲಿನ ಎದುರಿಗೇ ನನ್ನ ಚಹಾದಂಗಡಿ. ಆ ಹಳೆಯ ಎಣ್ಣೆ ಎಂಜಿನ್ ಒಮ್ಮೆ ನಿಂತಿತೆಂದರೆ ಅದರ ತಲೆಯನ್ನು ಸೀಮೆಎಣ್ಣೆ ದೀಪದ ಜೋರು ಉರಿಯಲ್ಲಿ ಕೆಂಪಗೆ ಕಾಯಿಸದೆ ಮತ್ತೆ ಓಡದು. ಹಾಗಾಗಿ ಎಂಜಿನ್ ನಿಲ್ಲಿಸುವುದೆಂದರೆ ಮಿಲ್ಲಿನ ಧನಿ ಸಂಕಪ್ಪ ಹೆಗ್ಡೆಯವರಿಗೆ ಜೀವ ಹೋದಂತೆ.

೧೯೫೮ರ ಆಯುಧಪೂಜೆಯ ಹಿಂದಿನ ದಿನ. ಪೂಜೆಗೆ ಯಂತ್ರವೆಲ್ಲ ಒರೆಸಿ ಫಳಫಳ ಮಾಡಬೇಕು, ನಾರಾವಿಯಿಂದ ಬಂದ ಗಾಡಿಗಳ ಭತ್ತವೂ ಮುಗಿಯಬೇಕು. ಕಮಲಾಕ್ಷ ಎಂಜಿನ್ ನಿಲ್ಲಿಸಲು ಹೋದಾಗ ಧನಿ ಕೂಗಿದ್ದು ನನ್ನ ಅಂಗಡಿಗೂ ಕೇಳಿಸಿತು.

“ನಿಲ್ಲಿಸಬೇಡ ಮಾರಾಯ! ಓಡ್ತಾ ಇರುವಾಗ್ಲೇ ಒರೆಸು. ಮತ್ತೆ ಕಾಯಿಸ್ಲಿಕ್ಕೆ ಯಾರಿಗೆ ಪುರುಸೊತ್ತು ಉಂಟು?”

ಚಕ್ರದ ಅಂಚಿಗೆ ಹಿಡಿದಿದ್ದ ಬಟ್ಟೆ ಬೆಲ್ಟಿಗೆ ಸಿಕ್ಕಿತು. ಬಟ್ಟೆಯ ಹಿಂದೆಯೇ ಕೈ ಹೋಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ಹಣೆಬರಹ ಎಂದು ಕಮಲಾಕ್ಷ ಸುಮ್ಮನಾಗುತ್ತಿದ್ದನೋ ಏನೋ. ತನಿಖೆಗೆ ಬಂದ ಇನ್ಸ್‌ಪೆಕ್ಟರಿಗೆ ಧನಿ, “ಕುಡಿದು ಬಂದಿದ್ದ. ನಿಲ್ಲಿಸಿ ಒರೆಸು ಅಂತ ಬಡ್ಕೊಂಡೆ, ಕೇಳ್ಲಿಲ್ಲ” ಎಂದುಬಿಟ್ಟರು. ಶೇಂದಿಯ ವಾಸನೆಗೇ ಮೂಗು ಮುಚ್ಚುವ ಮನುಷ್ಯನ ಬಗ್ಗೆ ಈ ಮಾತು! ಕೇಳಿದ್ದನ್ನು ಹೇಳಲು ನಾನು ಹೋದೆ. ಚಹಾದವನ ಸಾಕ್ಷಿ ಯಾರಿಗೆ ಬೇಕು? ಪೇಟೆಯ ಬಾಯಲ್ಲಿ ಕಮಲಾಕ್ಷ ಕುಡುಕನಾದ. ಅವನ ಮಗಳು ಜಲಜಾಕ್ಷಿಯನ್ನು ನೋಡಿ ಒಪ್ಪಿದ್ದ ಬೆಳುವಾಯಿಯವರು ಹಿಂದೆ ಸರಿದರು.

“ಕೈ ಹೋಯ್ತು, ಹೋಗ್ಲಿ,” ಎಂದ ಅವನು ನನ್ನ ಬೆಂಚಿನ ಮೇಲೆ ಕೂತು. “ಸುಳ್ಳು ಹೇಳಿದ ಆ ಬಾಯಿಂದ್ಲೇ ಎಲ್ಲರೆದುರು ನಿಜ ಹೇಳಿಸ್ತೇನೆ. ಬಿಡುವುದಿಲ್ಲ.”

ಮರುವರ್ಷದ ಆಯುಧಪೂಜೆ ಬಂತು. ಎಂಜಿನ್ ಓಡಿಸುವವನ ಬಲಗೈಗೆ ಮೊದಲ ಪ್ರಸಾದ ಬೀಳಬೇಕು. ಅದಾಗದೆ ಚಕ್ರಕ್ಕೆ ಬೆಲ್ಟು ಹಾಕುವಂತಿಲ್ಲ. ಇದು ಆ ಮಿಲ್ಲಿನ ಕಟ್ಟಳೆ. ಹೊಸ ಡ್ರೈವರ್ ಉಸ್ಮಾನ್ ಕಮಲಾಕ್ಷನ ಶಿಷ್ಯ. ಧನಿ ಪ್ರಸಾದದ ಅವಲಕ್ಕಿ ಹಿಡಿದು ಕರೆದರೆ ಅವನು ಹಿಂದೆ ಸರಿದ.

“ಎಂಜಿನ್ ಕಲಿಸಿದ್ದು ಕಮಲಾಕ್ಷಣ್ಣ. ಅವರು ತೆಗೊಳ್ಳದೆ ನಾನು ತೆಗೊಳ್ಳುವುದಿಲ್ಲ.”

ಬಾಗಿಲಲ್ಲಿ ನಿಂತಿದ್ದ ಕಮಲಾಕ್ಷ ಮುಂದೆ ಬಂದು ಮೋಟು ಬಲಗೈ ಒಡ್ಡಿದ.

“ಎಡಗೈ ಹಿಡಿ,” ಎಂದರು ಧನಿ.

“ಪ್ರಸಾದಕ್ಕೆ ಎಡಗೈ ಹಿಡಿಯುವುದುಂಟಾ ಧನಿಗಳೇ? ಬಲಗೈ ಹೇಗೆ ಹೋಯ್ತು ಅಂತ ಎಲ್ಲರಿಗೂ ಹೇಳಿ. ಆಮೇಲೆ ಎಡಗೈ ಹಿಡಿಯುತ್ತೇನೆ.”

ಧನಿ ತಟ್ಟೆ ಕುಕ್ಕಿ ಒಳಗೆ ಹೋದರು. ಮರುದಿನ ಉಸ್ಮಾನ್‌ಗೆ ಬೈದರು, ಕೆಲಸದಿಂದ ತೆಗೆಯುತ್ತೇನೆಂದು ಹೆದರಿಸಿದರು. ಪೂಜೆ ಮುಗಿಯದ ಯಂತ್ರದ ಬೆಲ್ಟನ್ನು ಒಬ್ಬನೂ ಮುಟ್ಟಲಿಲ್ಲ. ಭತ್ತದ ಗಾಡಿಗಳು ನನ್ನ ಅಂಗಡಿಯೆದುರು ಕಾದವು. ಮಿಲ್ಲು ಯಾಕೆ ನಿಂತಿದೆಯೆಂಬುದನ್ನು ನಾನು ಗಾಡಿಯವರಿಗೆಲ್ಲ ಚಹಾದ ಜೊತೆ ಉಪ್ಪು ಖಾರ ಹಚ್ಚಿ ಬಡಿಸಿದೆ. ಕೆಲವರು ಗಾಡಿಯನ್ನು ಮೂಡುಬಿದಿರೆಯ ಮಿಲ್ಲಿಗೆ ತಿರುಗಿಸಿದರು. ಅದನ್ನು ನೋಡಿದ ಮೇಲೆ ಧನಿ ಎಲ್ಲರನ್ನೂ ಅಂಗಳಕ್ಕೆ ಕರೆಸಿದರು.

“ನಿಲ್ಲಿಸಬೇಡ ಅಂತ ಹೇಳಿದ್ದು ನಾನು,” ಎಂದರು ನೆಲ ನೋಡುತ್ತ.

“ನಾನು ಕುಡಿದಿದ್ನಾ?”

“ಇಲ್ಲ.”

“ಜೋರಾಗಿ ಹೇಳಿ. ಗಾಡಿಯವರಿಗೂ ಕೇಳಲಿ.”

“ಇಲ್ಲ! ಕುಡಿದಿರ್ಲಿಲ್ಲ!”

ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಕಮಲಾಕ್ಷ ಎಡಗೈಯಲ್ಲಿ ಅವಲಕ್ಕಿ ತೆಗೆದುಕೊಂಡು ಕಣ್ಣಿಗೊತ್ತಿ ತಿಂದ. ಆಮೇಲೆ ಉಸ್ಮಾನ್ ಬಲಗೈಯೊಡ್ಡಿ ಪ್ರಸಾದ ತೆಗೆದುಕೊಂಡು ಎಂಜಿನ್ ಕಾಯಿಸಲು ಹೋದ.

“ಮುಗೀತಲ್ಲ ಮಾರಾಯ?” ಎಂದರು ಧನಿ ಬೆವರು ಒರೆಸುತ್ತ.

“ಈ ವರ್ಷದ್ದು ಮುಗೀತು,” ಎಂದ ಕಮಲಾಕ್ಷ. “ಮುಂದಿನ ಪೂಜೆಗೆ ಬರ್ತೇನೆ. ಹೊಸಬರು ಸೇರಿರ್ತಾರೆ, ಅವರೂ ನಿಮ್ಮ ಬಾಯಿಂದ್ಲೇ ಕೇಳಬೇಕಲ್ಲ.”

ಧನಿ ಬದುಕಿರುವವರೆಗೂ ಅವನು ಒಂದು ಪೂಜೆಯನ್ನೂ ತಪ್ಪಿಸಲಿಲ್ಲ.