ಅಳಲಿಲ್ಲ ಎಂದ ಗುರುದೇವಿ

ಗುರುದೇವಿ ಲಿಂಗಸುಗೂರು ಕಡೆಯವಳು, ಏಳನೇ ತರಗತಿ ಓದಿದವಳು. ಗಂಡನ ಜೊತೆ ಹೈದರಾಬಾದಿಗೆ ಬಂದು, ಮಾದಾಪುರದಲ್ಲಿ ಏಳುತ್ತಿದ್ದ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿದ್ದಳು. ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ನಾಲ್ಕನೇ ಅಂತಸ್ತಿನಿಂದ ಬಿದ್ದು ಅವಳ ಜೊತೆಗಾತಿ ತುಳಸಾಬಾಯಿ ಸತ್ತಳು. ಆ ಹೆಸರಿನವಳು ತನ್ನಲ್ಲಿ ಕೆಲಸಕ್ಕೇ ಇರಲಿಲ್ಲ ಎಂದುಬಿಟ್ಟ ಗುತ್ತಿಗೆದಾರ. ಗುರುದೇವಿ ಗೇಟಿಗೆ ಬೀಗ ಜಡಿದು ಅವನನ್ನು ಸಂಜೆಯವರೆಗೆ ಒಳಗೇ ಕೂರಿಸಿದಳು. ಪೊಲೀಸರು ಬಂದರು. ಜಾಮೀನಿಗೆ ನಿಲ್ಲುವವರು ಸಿಗದೆ ಅವಳು ಐದು ತಿಂಗಳು ಜೈಲಿನಲ್ಲಿದ್ದಳು.

ಅಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಮಾತಾಡಲು ಜನವಿಲ್ಲದೆ ಬೇಸತ್ತು ನೋಟುಬುಕ್ಕಿನಲ್ಲಿ ಬರೆಯತೊಡಗಿದಳು: ಎರಡು ನಲ್ಲಿಗೆ ಎಪ್ಪತ್ತು ಹೆಂಗಸರು, ಹೇನು, ನೀರಿನಂಥ ಬೇಳೆ, ಸುಮ್ಮಸುಮ್ಮನೆ ಮುಂದೆ ಹೋಗುವ ಕೋರ್ಟಿನ ತಾರೀಖು. ತುಳಸಾಬಾಯಿ ಬಿದ್ದದ್ದನ್ನು ಮಾತ್ರ ನಾಲ್ಕು ಸಲ ಬರೆದು ಹರಿದಳು. ಐದನೆಯದನ್ನು ಉಳಿಸಿಕೊಂಡಳು.

ಹೊರಬಂದ ಮೇಲೆ ಆ ನೋಟುಬುಕ್ಕನ್ನು ಕೋಠಿ ಬಡಾವಣೆಯಲ್ಲಿ ಕನ್ನಡ ಪುಸ್ತಕ ಅಚ್ಚು ಹಾಕಿಸುತ್ತಿದ್ದ ಸುಬ್ಬರಾಯರಿಗೆ ಕೊಟ್ಟಳು. ತಿಂಗಳ ನಂತರ ಅವರು ಕರಡು ತೋರಿಸಿದರು. ಮೊದಲ ಪುಟದಲ್ಲೇ ಗುರುದೇವಿ ಕಂಬಿ ಹಿಡಿದು ಬಿಕ್ಕುತ್ತಿದ್ದಳು.

“ನಾ ಅತ್ತೇ ಇಲ್ಲಲ್ರೀ ಸರ! ಯಾರು ಬರದಾರ ಇದನ್ನ?”

“ಸ್ವಲ್ಪ ತಿದ್ದಿದೆ ಕಣಮ್ಮ. ಓದುಗರ ಮನಸ್ಸು ಕರಗಬೇಕಲ್ಲ?”

“ಕರಗೂದು ಬ್ಯಾಡ್ರಿ. ಗೇಟಿಗೆ ಕೀಲಿ ಹಾಕಿದ್ದು ಎಲ್ಲೈತಿ?”

“ಕೇಸು ನಡೀತಿದೆ. ನಿನಗೇ ತೊಂದರೆ ಅಂತ ತೆಗೆದೆ.”

“ಪೊಲೀಸರಿಗೆ ಗೊತ್ತಿದ್ದದ್ದು ಓದೋರಿಗೆ ಗೊತ್ತಾದ್ರ ಏನಾಕ್ಕೈತ್ರಿ?”

ಪುಟ ತಿರುಗಿಸಿದಳು. ತುಳಸಾಬಾಯಿ ‘ಒಬ್ಬ ಬಡ ಮಹಿಳೆ’ ಆಗಿದ್ದಳು. ಗುರುದೇವಿಗೆ ತಡೆಯಲಾಗಲಿಲ್ಲ.

“ಆ ಗುತ್ತೇದಾರನೂ ಅಕಿ ಹೆಸರಽ ಇಲ್ಲ ಅಂದ. ನೀವೂ ಹಂಗಽ ಮಾಡ್ತೀರೇನ್ರಿ?”

ಸುಬ್ಬರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ಐದು ಭಾನುವಾರ ಅವಳು ಬಸ್ಸು ಹಿಡಿದು ಬಂದು ಅವರೆದುರು ಕೂತಳು. ಹೆಸರು ಮೊದಲ ವಾರವೇ ವಾಪಸ್ಸು ಬಂತು. ಅಳುವನ್ನು ಅವರು ಮೂರನೇ ವಾರ ಬಿಟ್ಟುಕೊಟ್ಟರು. ಬೀಗಕ್ಕಾಗಿ ಕೊನೆಯವರೆಗೂ ಜಗಳವಾಯಿತು.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಪುಸ್ತಕ ಬಂದಾಗ, ಬೀಗದ ಸಂಗತಿಯೂ ಅದರಲ್ಲಿರುವುದನ್ನು ಕಂಡು ಅವಳ ವಕೀಲರು ತಲೆ ಚಚ್ಚಿಕೊಂಡರು. ಅವಳು ಅದನ್ನು ಕೆಲಸಗಾರರ ಗುಡಿಸಲುಗಳ ಮುಂದೆ ಕೂತು ಓದಿ ಹೇಳಿದಳು. ಅಷ್ಟು ದಿನ ಬಾಯಿ ಬಿಡದಿದ್ದ ಮೇಸ್ತ್ರಿ ಬೂದೆಪ್ಪ, ಓದು ಮುಗಿದ ಮೇಲೂ ಎದ್ದು ಹೋಗಲಿಲ್ಲ.

“ತುಳಸಾಬಾಯಿ ನನ್ನ ಕೈಕೆಳಗಽ ಇದ್ಲು. ಬೇಕಂದ್ರ ಸಾಹೇಬ್ರ ಮುಂದ ಬಂದು ಹೇಳ್ತೀನವ್ವ,” ಎಂದ.

“ಎರಡು ವರ್ಷ ಎಲ್ಲಿ ಹೋಗಿದ್ದಿ, ಅಣ್ಣಾ?” ಎಂದು ಗುರುದೇವಿ ರೇಗಿದಳು. ಆದರೂ ಅವನ ಮನಸ್ಸು ಬದಲಾಗುವ ಮೊದಲು, ಮರುದಿನ ಬೆಳಿಗ್ಗೆಯೇ ಅವನನ್ನು ಕಾರ್ಮಿಕ ಕಚೇರಿಗೆ ಕರೆದುಕೊಂಡು ಹೋಗಿ, ತುಳಸಾಬಾಯಿ ಅಲ್ಲಿ ಕೆಲಸಕ್ಕಿದ್ದಳೆಂದು ಹೇಳಿಕೆ ಬರೆಸಿದಳು.