ಹಲ್ಲಿನಕ್ಕನಿಗೆ ಕೇಳಿದ ಪ್ರಶ್ನೆ

ಅವಳನ್ನು ಊರೆಲ್ಲ ಹಲ್ಲಿನಕ್ಕ ಎಂದೇ ಕರೆಯುತ್ತಿತ್ತು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಸಣ್ಣ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವುದು ಅವಳ ಕೆಲಸ. ವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅವಳು ಅದರೊಳಗೆ ಪ್ಲಾಸ್ಟರ್ ಸುರಿದು, ಒಣಗಿದ ಮೇಲೆ ಬಿಡಿಸಿ, ಅದಕ್ಕೆ ಗುಲಾಬಿ ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲನ್ನು ಬಿಸಿ ಚೂರಿಯ ತುದಿಯಿಂದ ಕೂರಿಸುತ್ತಿದ್ದಳು. ಎಲ್ಲರಿಗೂ ಮುತ್ತು ಪೋಣಿಸಿದ ಹಾಗಿರುವ ಹಲ್ಲೇ ಬೇಕು. ಅವಳು ಮಾತ್ರ ಒಂದನ್ನು ಕೂದಲೆಳೆಯಷ್ಟು ಓರೆಯಾಗಿಡುತ್ತಿದ್ದಳು. "ತೀರಾ ನೇರ ಇದ್ರೆ ಸುಳ್ಳು ಅಂತ ಗೊತ್ತಾಗಿಬಿಡುತ್ತೆ" ಎನ್ನುತ್ತಿದ್ದಳು. ಕೋಣೆಯ ಬೇಸಿನ್ನು ಯಾವಾಗಲೂ ಪ್ಲಾಸ್ಟರಿನಿಂದ ಕಟ್ಟಿಕೊಂಡಿರುತ್ತಿತ್ತು. ಅವಳ ಸೆರಗಿಗೆ ಯಾವಾಗಲೂ ಸೀಮೆಸುಣ್ಣದ ಬಣ್ಣ.

ಅವಳು ಹುಟ್ಟಿದ್ದು ಹೊಳೆಯಾಚೆ, ಪಕ್ಕದ ದೇಶದಲ್ಲಿ. ಮದುವೆಯಾಗಿ ಬಂದ ಕಾಲಕ್ಕೆ ಸೇತುವೆ ಬರೀ ಸೇತುವೆಯಾಗಿತ್ತು. ಜನ ತರಕಾರಿಗೆ, ಚೌರಕ್ಕೆ, ಸಂಬಂಧ ನೋಡುವುದಕ್ಕೆ ಅತ್ತಿತ್ತ ಓಡಾಡುತ್ತಿದ್ದರು. ಎರಡೂ ದಡದ ಭಾಷೆ ಒಂದೇ. ಆ ಕಡೆಯವರು ಮಾತಿನ ಕೊನೆಯನ್ನು ಸ್ವಲ್ಪ ಎಳೆಯುತ್ತಾರೆ, ಅಷ್ಟೇ. "ನಿಮ್ಮೂರಿನವರು ಒಂದು ಮಾತು ಮುಗಿಸೋ ಹೊತ್ತಿಗೆ ನಮ್ಮ ಒಲೆ ಮೇಲಿನ ಹಾಲು ಉಕ್ಕಿ ಹೋಗಿರುತ್ತೆ" ಎಂದು ಅತ್ತೆ ಆಡಿಕೊಳ್ಳುತ್ತಿದ್ದಳು. ಅತ್ತೆ ಸೊಸೆಗೆ ಅಷ್ಟಕ್ಕಷ್ಟೇ. ಆದರೂ ಅತ್ತೆಯ ಬಾಯಲ್ಲಿದ್ದದ್ದು ಸೊಸೆ ಮಾಡಿದ ಹಲ್ಲೇ.

ಒಂದು ಬೆಳಿಗ್ಗೆ ಸೇತುವೆಯ ಮೇಲೆ ಗುಂಡು ಹಾರಿತು. ಸಂಜೆಯೊಳಗೆ ಎರಡೂ ಕಡೆಯ ಗೇಟು ಬಿತ್ತು. ಮರುದಿನದಿಂದ ಗುಡ್ಡದ ಹಿಂದೆ ಯಾರೋ ದೊಡ್ಡ ಪೆಟ್ಟಿಗೆಗಳನ್ನು ಎತ್ತಿ ಎತ್ತಿ ಹಾಕುತ್ತಿರುವಂಥ ಸದ್ದು ಶುರುವಾಯಿತು.

ಯುದ್ಧ ಯಾಕೆ ಬಂತು ಎಂಬುದಕ್ಕೆ ತಲೆಗೊಂದು ಮಾತು. ದಂತವೈದ್ಯರು ಅಚ್ಚಿನ ತಟ್ಟೆ ತೊಳೆಯುತ್ತಾ, "ಚುನಾವಣೆ ಹತ್ತಿರ ಬಂತು ನೋಡಿ, ಅದಕ್ಕೇ" ಎಂದರು. ನೀರಿನ ಟ್ಯಾಂಕರ್ ಓಡಿಸುತ್ತಿದ್ದ ಅವಳ ಗಂಡನಿಗೆ ಸಂಶಯವೇ ಇರಲಿಲ್ಲ: "ಹೊಳೆ ನೀರು ಕಣೇ. ಆ ಕಡೆಯವರು ಕಟ್ಟೆ ಕಟ್ತೀವಿ ಅಂದ್ರು, ಈ ಕಡೆಯವರು ಬಿಡಲ್ಲ ಅಂದ್ರು." ಅತ್ತೆಯ ತೀರ್ಪು ಇನ್ನೂ ಸಣ್ಣದು: "ಕೊಬ್ಬು. ಇಬ್ಬರಿಗೂ ಕೊಬ್ಬು." ನಿವೃತ್ತ ಹೆಡ್‌ಮಾಸ್ತರರದು ಮಾತ್ರ ದೊಡ್ಡ ವಿವರಣೆ. ಅವರ ಕೆಳದವಡೆಯ ಹಲ್ಲು ಎಷ್ಟು ಸರಿಮಾಡಿದರೂ ಸಡಿಲ. ಅದನ್ನು ಉಜ್ಜಿಸಿಕೊಳ್ಳುವ ನೆಪದಲ್ಲಿ ಅವಳ ಸ್ಟೂಲಿನ ಮೇಲೆ ಕೂತು, "ಹಿಂದೆ ಆಳಿದವರು ಹೋಗುವಾಗ ಮೊಂಡು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಹೋದ್ರು. ಆ ಗೆರೆಯ ದಪ್ಪ ಎಷ್ಟೋ ಅಷ್ಟು ಜಾಗಕ್ಕೆ ಈ ಹೊಡೆದಾಟ" ಎಂದು ಪಾಠ ಮಾಡಿದರು.

ಆ ದಡದಿಂದ ಅವಳ ಅಣ್ಣ ಫೋನು ಮಾಡಿದ. "ನಿಮ್ಮವರು ಸೇತುವೆ ಮೇಲೆ ನಮ್ಮ ಹುಡುಗನಿಗೆ ಹೊಡೆದ್ರು. ಅದರಿಂದಲೇ ಎಲ್ಲಾ."

"ನಿಮ್ಮವರಾ? ಅಣ್ಣಾ, ನಾನು ಯಾವಾಗ ನಿಮಗೆ ಹೊರಗಿನವಳಾದೆ?"

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಲೈನು ಸತ್ತಿತು. ಆಮೇಲೆ ಲೈನು ಸಿಗಲೇ ಇಲ್ಲ.

ಅವಳಿಗೆ ಭಯ ಹೊಕ್ಕಿದ್ದು ಗುಂಡಿನ ಸದ್ದಿನಿಂದಲ್ಲ, ಅಂಗಡಿಯಲ್ಲಿ. ಸೋಪು ಕೇಳಿದಳು; ಪಕ್ಕದಲ್ಲಿದ್ದ ಹೆಂಗಸು ತಟ್ಟನೆ ತಿರುಗಿ ನೋಡಿದಳು. ಹಲ್ಲಿನಕ್ಕನ ಮಾತಿನ ಕೊನೆ ಎಳೆದಿತ್ತು. ಅಂದಿನಿಂದ ಅವಳು ಅಂಗಡಿಯಲ್ಲಿ ಬೆರಳು ತೋರಿಸತೊಡಗಿದಳು. ಬೀದಿಯಲ್ಲಿ ಯಾರಾದರೂ ಕರೆದರೆ ಕೆಮ್ಮಿದಂತೆ ಮಾಡಿ ಮುಂದೆ ಹೋಗುತ್ತಿದ್ದಳು. ಮನೆಯಲ್ಲೂ ಧ್ವನಿ ಇಳಿಯಿತು. ನೆರೆಮನೆಯ ಕಿಟಕಿ ಮುಚ್ಚಿದ ಸದ್ದಾದರೂ ಮಾತನ್ನು ಅರ್ಧಕ್ಕೇ ನುಂಗುತ್ತಿದ್ದಳು.

ಒಂದು ದಿನ ಬಟ್ಟೆ ಅಂಗಡಿಯ ಯಜಮಾನ ಕ್ಲಿನಿಕ್ಕಿಗೆ ಬಂದವನೇ ಸೀದಾ ಹಿಂದಿನ ಕೋಣೆಗೆ ನುಗ್ಗಿದ. ಬಾಯಿಗೆ ಕೈ ಹಾಕಿ ಎರಡೂ ಸೆಟ್ಟು ಹಲ್ಲು ಕಿತ್ತು ಅವಳ ಮೇಜಿನ ಮೇಲಿಟ್ಟ. ಇನ್ನೂ ಎಂಜಲು ಹೊಳೆಯುತ್ತಿತ್ತು.

"ಆ ಕದೆಯವಯ ಕೈ ನನ್ನ ಬಾಯಲ್ಲಿ ಬೇದ" ಎಂದ. ಹಲ್ಲಿಲ್ಲದ ಬಾಯಲ್ಲಿ ಮಾತು ಸರಿಯಾಗಿ ಹೊರಡಲಿಲ್ಲ. ಬಾಗಿಲಲ್ಲಿದ್ದ ರೋಗಿಯೊಬ್ಬನಿಗೆ ನಗು ಬಂತು. ಹಲ್ಲಿನಕ್ಕನಿಗೆ ನಗು ಬರಲಿಲ್ಲ. ಊರಲ್ಲಿ ತಾನು ಯಾರ ಯಾರ ಬಾಯಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತಾ ಅವಳು ಮೇಜಿನ ಅಂಚು ಹಿಡಿದು ನಿಂತುಬಿಟ್ಟಳು.

ಅದೇ ವಾರ ಪುರಸಭೆಯಿಂದ ಕರೆ ಬಂತು. ಆ ಕಡೆ ಹುಟ್ಟಿದವರನ್ನೆಲ್ಲ ವಿಚಾರಿಸುತ್ತಿದ್ದರು. ವಿಚಾರಿಸಿದ ಕೆಲವರು ಮನೆಗೆ ಬಂದಿದ್ದರು. ಕೆಲವರನ್ನು ಲಾರಿಯಲ್ಲಿ ಬೇರೆಲ್ಲಿಗೋ ಕಳಿಸಿದ್ದರು. ಎಲ್ಲಿಗೆ ಎಂದು ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಗಂಡ ಸೈನ್ಯಕ್ಕೆ ನೀರು ಹೊಡೆಯಲು ಹೋದವನು ಇನ್ನೂ ಮರಳಿರಲಿಲ್ಲ. ಅವಳು ಸೀರೆ ಬದಲಾಯಿಸಿ, ಮತ್ತೆ ಹಳೆಯದನ್ನೇ ಉಟ್ಟು, ಬಾಗಿಲ ಬಳಿ ನಿಂತಳು.

"ನಿಂತ್ರೆ ಆಗುತ್ತಾ? ನಡಿ" ಎಂದು ಅತ್ತೆ ಕೊಡೆ ತೆಗೆದುಕೊಂಡಳು. "ನಾನೂ ಬರ್ತೀನಿ. ನಿನಗೆ ಮಾತು ಮುಗಿಸೋಕೆ ಬರಲ್ಲ."

ಪುರಸಭೆಯ ಮೀಟಿಂಗ್ ಕೋಣೆಯಲ್ಲಿ ಉದ್ದ ಮೇಜಿನ ಹಿಂದೆ ಮೂವರಿದ್ದರು. ನಡುವೆ ಹೊರಗಿನಿಂದ ಬಂದ ಅಧಿಕಾರಿ, ಇನ್ನೂ ಎಳೆಯ ಮುಖದವನು, ನಿದ್ದೆಗೆಟ್ಟ ಕಣ್ಣು. ಅವನ ಎಡಬಲಕ್ಕೆ ಊರಿನ ಪರವಾಗಿ ಬಟ್ಟೆ ಅಂಗಡಿಯ ಯಜಮಾನ ಮತ್ತು ಹೆಡ್‌ಮಾಸ್ತರರು. ಅತ್ತೆಯನ್ನು ಗೋಡೆ ಪಕ್ಕದ ಬೆಂಚಿನಲ್ಲಿ ಕೂರಿಸಿದರು.

ಮನೆ, ಮದುವೆ, ಅಣ್ಣನ ಕೆಲಸ, ಎಲ್ಲ ಕೇಳಿ ಮುಗಿಸಿ ಅಧಿಕಾರಿ ಪೆನ್ನು ಕೆಳಗಿಟ್ಟ. "ಈಗ ಒಂದು ಸುಲಭದ ಪ್ರಶ್ನೆ. ಈ ಯುದ್ಧ ಶುರು ಮಾಡಿದ್ದು ಯಾರು?"

ಹೇಳಬೇಕಾದ ಉತ್ತರ ಏನೆಂದು ಅವಳಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಅತ್ತೆ ಅದನ್ನೇ ಗಿಣಿಗೆ ಕಲಿಸಿದಂತೆ ಕಲಿಸಿದ್ದಳು. ಬಾಯಿ ತೆರೆದಾಗ ಬಂದದ್ದು ಬೇರೆ.

"ನಮ್ಮವರೇ ಸರ್."

"ನಮ್ಮವರು ಅಂದ್ರೆ?" ಅಧಿಕಾರಿ ಮುಂದೆ ಬಾಗಿದ. "ಯಾರು ನಿಮ್ಮವರು?"

ಅವಳಿಗೆ ನಿಜಕ್ಕೂ ತಿಳಿಯಲಿಲ್ಲ. ಆ ಕಡೆಯವರು ಎಂದರೆ ಇಷ್ಟು ವರ್ಷವಾದರೂ ಅವರೇ ನಿನ್ನವರಾ ಎನ್ನುತ್ತಾರೆ. ಈ ಕಡೆಯವರು ಎಂದರೆ ದ್ರೋಹ. ಮೊಣಕಾಲು ನಡುಗಿ ಮೇಜಿಗೆ ತಾಗುತ್ತಿತ್ತು. ಮೇಜಿನ ಮೇಲಿನ ಗ್ಲಾಸಿನಲ್ಲಿ ನೀರು ಕುಣಿಯುತ್ತಿತ್ತು. ಅಧಿಕಾರಿ ಆ ಗ್ಲಾಸನ್ನೇ ನೋಡಿದ.

"ಸರ್," ಎಂದರು ಹೆಡ್‌ಮಾಸ್ತರರು, ಗಂಟಲು ಸರಿಮಾಡಿಕೊಂಡು. "ಯಾರು ಶುರು ಮಾಡಿದ್ರು ಅನ್ನೋ ಪ್ರಶ್ನೆಯೇ ಸರಿಯಲ್ಲ. ಮೂಲ ಇರೋದು ಆ ಗೆರೆಯಲ್ಲಿ..."

"ಗೆಯೆಯಂತೆ!" ಬಟ್ಟೆ ಅಂಗಡಿಯವನು ಬೊಚ್ಚುಬಾಯಲ್ಲೇ ಸಿಡಿದ. "ನಮ್ಮ ವ್ಯಾಪಾಯ ಹೊತ್ತೆಗೆ ಹಾಕಿಕೊಳ್ಳೋಕೆ ಮಾದಿದ ಸಂಚು!"

"ಏನಂದ್ರಿ?"

"ಸಂಚು! ಸಂಚು!"

"ಎರಡೂ ಅಲ್ಲ, ಕೊಬ್ಬು" ಎಂದಳು ಅತ್ತೆ ಬೆಂಚಿನಿಂದ.

ಅಧಿಕಾರಿ ಮೇಜು ಗುದ್ದಿದ. "ಸುಮ್ಮನಿರಿ! ನಿಮ್ಮಲ್ಲೇ ಒಬ್ಬರದು ಇನ್ನೊಬ್ಬರಿಗೆ ಹೊಂದಲ್ಲ, ಈ ಹೆಂಗಸಿನ ಉತ್ತರ ನಾನು ಯಾವುದಕ್ಕೆ ಹೋಲಿಸಿ ನೋಡಲಿ?"

ಅವಳ ಉತ್ತರಕ್ಕಾಗಿ ಅವನು ಮತ್ತೆ ತಿರುಗುವಷ್ಟರಲ್ಲಿ ಸೈರನ್ ಕೂಗಿತು.

ಎಲ್ಲರೂ ನೆಲಮಾಳಿಗೆಗೆ ಓಡಿದರು. ಹಳೇ ಕುರ್ಚಿ, ಮುರಿದ ಬೀದಿದೀಪಗಳ ನಡುವೆ ಮಂಡಿಗೆ ಮಂಡಿ ತಾಗಿಸಿ ಕೂತರು. ಕಿಂಡಿಯಿಂದ ಬರುತ್ತಿದ್ದ ಬೆಳಕಿನಲ್ಲಿ ಧೂಳು ಕಾಣುತ್ತಿತ್ತು. ಮೊದಲ ಶೆಲ್ಲು ದೂರ ಬಿತ್ತು. ಎರಡನೆಯದಕ್ಕೆ ನೆಲವೇ ಒಮ್ಮೆ ಉಸಿರೆಳೆದುಕೊಂಡಂತಾಯಿತು. ಕತ್ತಲ ಮೂಲೆಯಿಂದ ಕಟಕಟ ಕಟಕಟ ಎಂದು ಸದ್ದು. ಹೆಡ್‌ಮಾಸ್ತರರ ಸಡಿಲ ಹಲ್ಲು. ಗೆರೆಯ ಮಾತು ನಿಂತುಹೋಗಿತ್ತು; ಹಲ್ಲು ಮಾತ್ರ ನಿಲ್ಲುತ್ತಿರಲಿಲ್ಲ. ಅತ್ತೆ ಸೊಸೆಯ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು. ಬಟ್ಟೆ ಅಂಗಡಿಯವನು ಅಮ್ಮಾ ಅಮ್ಮಾ ಎನ್ನುತ್ತಿದ್ದ. ಆ ಮಾತಿಗೆ ಹಲ್ಲು ಬೇಕಾಗುವುದಿಲ್ಲ, ಸ್ಪಷ್ಟವಾಗಿ ಕೇಳುತ್ತಿತ್ತು.

"ಗೇಟಿನ ಕಾವಲುಗಾರ ಕೆಳಗೆ ಬಂದ್ನಾ?" ಎಂದ ಅಧಿಕಾರಿ ಇದ್ದಕ್ಕಿದ್ದಂತೆ. ಅವನು ಎದ್ದು ಮೆಟ್ಟಿಲು ಹತ್ತಿದ. "ಹೋಗಬೇಡಪ್ಪಾ" ಎಂದಳು ಅತ್ತೆ. ಅವನು ತಿರುಗಿ ನೋಡಲಿಲ್ಲ.

ಮೂರನೆಯ ಶೆಲ್ಲು ಪುರಸಭೆಯ ಮುಂದುಗಡೆಗೇ ಬಿತ್ತು.

ಹೊಗೆ ತಗ್ಗಿದ ಮೇಲೆ ಅವರು ಒಬ್ಬೊಬ್ಬರಾಗಿ ಹೊರಬಂದರು. ಕಾವಲುಗಾರ ಚರಂಡಿಯಲ್ಲಿ ಬಿದ್ದುಕೊಂಡು ಬದುಕಿದ್ದ. ಅಧಿಕಾರಿ ಬದುಕಿರಲಿಲ್ಲ. ಮುಖಕ್ಕೆ ಏನೂ ಆಗಿರಲಿಲ್ಲ. ಬಾಯಿ ಅರೆ ತೆರೆದಿತ್ತು, ಒಂದೂ ಹುಳುಕಿಲ್ಲದ ಹಲ್ಲು. ಅದನ್ನು ನೋಡಿದ ಕ್ಷಣ ಹಲ್ಲಿನಕ್ಕನ ಮನಸ್ಸಿಗೆ ಬಂದ ಮೊದಲ ಮಾತು, ಇನ್ನು ನನ್ನನ್ನು ಯಾರೂ ಕೇಳುವುದಿಲ್ಲ, ಎಂಬುದು. ಆಮೇಲೆ ಅವಳು ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಆ ಮೊದಲ ಮಾತನ್ನು ಅವಳು ಗಂಡನಿಗೂ ಹೇಳಿದ್ದು ಎಷ್ಟೋ ಕಾಲದ ಮೇಲೆ.

ನಿಜಕ್ಕೂ ಯಾರೂ ಕೇಳಲಿಲ್ಲ. ಆದರೂ ಯುದ್ಧ ನಿಲ್ಲುವವರೆಗೆ, ಬೀದಿಯಲ್ಲಿ ಲಾರಿ ನಿಧಾನವಾದಾಗಲೆಲ್ಲ ಅವಳು ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ರೇಡಿಯೋದಲ್ಲಿ ಒಪ್ಪಂದದ ಸುದ್ದಿ ಬಂತು. ಎರಡೂ ಕಡೆಯವರು ತಾವೇ ಗೆದ್ದೆವೆಂದರು. ಗಂಡ ಟ್ಯಾಂಕರ್ ಸಮೇತ ಮನೆಗೆ ಬಂದ, ಗಡ್ಡ ಬಿಟ್ಟುಕೊಂಡು, ನೀರಿನ ವಿಷಯ ಎತ್ತದೆ.

ಬಟ್ಟೆ ಅಂಗಡಿಯವನೂ ಬಂದ. ಒಸಡು ಕುಗ್ಗಿ ಹಳೇ ಹಲ್ಲು ಕೂರುತ್ತಿರಲಿಲ್ಲ, ಹೊಸದೇ ಆಗಬೇಕಾಯಿತು. ಮೇಣದ ಅಳತೆ ನೋಡಲು ಅವಳು ಅವನ ಬಾಯಿಗೆ ಕೈ ಹಾಕಿದಾಗ ಬೆರಳು ನಡುಗಿತು. ಅವನಿಗೆ ಅದು ತಿಳಿಯಿತು.

"ಯುದ್ಧ ಮುಗೀತಲ್ಲಕ್ಕಾ, ಇನ್ನೂ ಯಾಕೆ ನದುಕ?" ಎಂದ, ಅವಳು ಕೈ ತೆಗೆದ ಮೇಲೆ.

"ನಿಮಗೆ ಹೆದರಿ" ಎಂದಳು ಅವಳು.

ಅವನು ಬಾಯಿ ಮುಚ್ಚಿಕೊಂಡ.

ಸೇತುವೆ ಕಾಲುನಡಿಗೆಗೆ ತೆರೆದ ಮೇಲೆ ಅಣ್ಣ ಬಂದ. ಒಂದು ಕಿವಿ ಹೋಗಿತ್ತು; ಜೋರಾಗಿ ಮಾತಾಡುತ್ತಿದ್ದ. ಊಟಕ್ಕೆ ಕೂತು ಎರಡು ತುತ್ತು ತಿನ್ನುವ ಮೊದಲೇ, "ಏನೇ ಹೇಳು, ಮೊದಲ ಗುಂಡು ಈ ಕಡೆಯಿಂದಲೇ ಬಂದದ್ದು" ಎಂದ. ಗಂಡ ಕಟ್ಟೆಯ ಮಾತು ತೆಗೆದ. ಅತ್ತೆ ಅಡುಗೆಮನೆಯಿಂದಲೇ ತನ್ನದನ್ನು ಸೇರಿಸಿದಳು. ಧ್ವನಿ ಏರಿತು. ಹಲ್ಲಿನಕ್ಕ ಎದ್ದು ಹೋಗಿ ಬೀದಿಯ ಕಿಟಕಿಗಳನ್ನೆಲ್ಲ ಮುಚ್ಚಿ ಬಂದು ಮತ್ತೆ ಬಡಿಸಿದಳು.

"ನಿಮ್ಮ ಮಾತು ಮುಗೀತಾ? ಹಾಗಾದ್ರೆ ನನಗೆ ಒಂದು ಹೇಳಿ" ಎಂದಳು. "ಇನ್ನೊಂದು ಸಲ ಬರುತ್ತಾ?"

ಕೇಳಿಸಲಿಲ್ಲವೆಂದು ಅಣ್ಣ ಒಳ್ಳೆಯ ಕಿವಿ ಅವಳ ಕಡೆ ತಿರುಗಿಸಿದ. ಅವಳು ಮತ್ತೆ ಕೇಳಿದಳು. ಈ ಸಲ ಕೇಳಿಸಿತು. ಅವನು ಗಂಡನ ಮುಖ ನೋಡಿದ, ಗಂಡ ತಟ್ಟೆ ನೋಡಿದ. ಅಣ್ಣ ಸಾವಕಾಶವಾಗಿ ಊಟ ಮುಗಿಸಿ, ಸಂಜೆ ಸೇತುವೆಯ ಗೇಟು ಹಾಕುವ ಮೊದಲು ಹೊರಟ.