ಆವು, ಯಾವು

ನೀರು ಕಚ್ಚುತ್ತದೆ ಎಂದು ಅಂಗಡಿಗೆ ಫೋನು ಮಾಡಿದ ಅಮ್ಮನೊಬ್ಬರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಅವರು ಹೇಳಿದ್ದು ತುಳುವಿನಲ್ಲಿ, 'ನೀರ್ ತುಚ್ಚುಂಡು' ಎಂದು. ದನ ತೊಟ್ಟಿಗೆ ಬಾಯಿ ಹಾಕುವುದಿಲ್ಲ, ಪೈಪು ಹಿಡಿದರೆ ಕೈ ಜುಮ್ಮೆನ್ನುತ್ತದೆ ಎಂದೂ ಹೇಳಿದರು.

ಮೂಡುಬಿದಿರೆಯಲ್ಲಿ ಅಣ್ಣನದು ಪಂಪು ರಿಪೇರಿಯ ಅಂಗಡಿ. ಬರುವ ಫೋನುಗಳೆಲ್ಲ ನನ್ನ ಪಾಲಿಗೆ. ಯುನಿವರ್ಸಿಟಿಯಲ್ಲಿ ಓದಿ ಬಂದವಳು, ಚೆಂದ ಮಾತಾಡುತ್ತಾಳೆ, ಗಿರಾಕಿಗಳಿಗೆ ಅಂಗಡಿಯ ಮೇಲೆ ಗೌರವ ಬರುತ್ತದೆ ಎಂಬುದು ಅಣ್ಣನ ಯೋಚನೆ. ನಾವು ಪರಸ್ಪರ ಮಾತಾಡುವುದು ತುಳುವೇ. ಆದರೆ ಫೋನು ಕಿವಿಗಿಟ್ಟ ಕೂಡಲೇ ನನ್ನ ಬಾಯಿಗೆ ಕನ್ನಡ ಬರುತ್ತದೆ, ಅದೂ ಶಾಲೆಯ ಭಾಷಣ ಸ್ಪರ್ಧೆಯ ಕನ್ನಡ. ಆ ದಿನವೂ ಅದೇ ಬಂತು.

"ಅದು ವಿದ್ಯುತ್ ಸೋರಿಕೆ ಇರಬಹುದು. ನಮ್ಮವರು ಬರುವವರೆಗೆ ದಯವಿಟ್ಟು ಮೈನ್ ಸ್ವಿಚ್ ಆಫ್ ಮಾಡಿ ಇಡಿ. ಪಂಪಿನ ಹತ್ತಿರ ಯಾರೂ ಹೋಗಬೇಡಿ."

ಆ ಕಡೆಯಿಂದ ಒಂದು ಮಾತು ಕೇಳಿತು. ಫೋನು ಕಟ್ಟಾಯಿತು.

ಅಣ್ಣ ಮೋಟರಿಗೆ ತಂತಿ ಸುತ್ತುತ್ತಾ ಕೇಳಿದ, "ಆಫ್ ಮಾಡ್ತಾರಂತಾ?"

"ಆವು ಅಂದ್ರು."

"ಆವು ಅಂದ್ರಾ, ಯಾವು ಅಂದ್ರಾ? ನಿನ್ನ ಭಾಷಣ ಕೇಳಿ ಯಾವು ಅಂದಿರ್ಬೇಕು ಮಾರಾಯ್ತಿ."

ತುಳುವಿನಲ್ಲಿ ಆವು ಎಂದರೆ ಆಗಲಿ. ಯಾವು ಎಂದರೆ ಸಾಕು. ಅಣ್ಣ ತಮಾಷೆಗೆ ಹೇಳಿದ್ದು, ನಾನೂ ನಕ್ಕೆ. ನಗು ಮುಗಿಯುವಷ್ಟರಲ್ಲಿ ಅನುಮಾನ ಹತ್ತಿತು. ಯಾವ ಮಾತು ಬಂದಿತ್ತು? ಕಿವಿಯಲ್ಲಿ ಅದನ್ನು ಮತ್ತೆ ಕೇಳಿಸಿಕೊಳ್ಳಲು ನೋಡಿದೆ. ಒಮ್ಮೆ ಆವು ಎಂದು ಕೇಳಿತು, ಇನ್ನೊಮ್ಮೆ ಯಾವು ಎಂದು. ನೆನಪು ನಾನು ಬೇಡಿದ್ದನ್ನೆಲ್ಲ ಕೊಡುತ್ತಿತ್ತು.

ವಾಪಸು ಫೋನು ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಅಣ್ಣನ ಕೈ ನಿಂತಿತು.

"ಮನೆ ಎಲ್ಲಿ ಅವರದ್ದು?"

"ನಾರಾವಿ. ಹೋದ ವರ್ಷ ನೀನೇ ಪಂಪು ಕೂರಿಸಿದ್ದು."

"ಆ ಅಮ್ಮನಾ? ಅವರು ಚಪ್ಪಲಿ ಹಾಕುದೇ ಇಲ್ಲ," ಎಂದ ಅಣ್ಣ. ಬೈಕಿನ ಕೀ ಆಗಲೇ ಅವನ ಕೈಯಲ್ಲಿತ್ತು.

ಶಿರ್ತಾಡಿಯ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಫೋನು ಒತ್ತುತ್ತಲೇ ಇದ್ದೆ. ಪ್ರತಿ ಸಲವೂ ಕೊನೆಗೆ ಕೇಳಿದ್ದು ಅದೇ ಹೆಂಗಸಿನ ದನಿ: ನೀವು ಕರೆ ಮಾಡಿದ ಚಂದಾದಾರರು ಉತ್ತರಿಸುತ್ತಿಲ್ಲ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ. ಆ ಅಮ್ಮನ ಮುಖ ನಾನು ಕಂಡವಳಲ್ಲ. ಆದರೂ ಒದ್ದೆ ಅಂಗಳದಲ್ಲಿ ಎರಡು ಬರಿಗಾಲುಗಳು ಮಾತ್ರ ಕಣ್ಣಿಗೆ ಕಟ್ಟುತ್ತಿದ್ದವು. ನಮ್ಮ ಮುಂದೆ ಒಂದು ಬಸ್ಸು ದಾರಿ ಬಿಡದೆ ಹೋಗುತ್ತಿತ್ತು. ಅಣ್ಣ ಹಾರ್ನ್ ಒತ್ತಿ ಹಿಡಿದಿದ್ದ. ಯಾವಾಗಲೂ ಬೈಯುವವನು ಅಂದು ಬೈಯುತ್ತಿರಲಿಲ್ಲ. ಅದರಿಂದಲೇ ನನಗೆ ಹೆದರಿಕೆ ಹೆಚ್ಚಾಯಿತು.

ಗೇಟಿನ ಹತ್ತಿರ ಬೈಕು ನಿಲ್ಲಿಸಿದಾಗ ಪಂಪು ಓಡುವ ಸದ್ದು ಕೇಳಿತು.

ದನದ ಹಟ್ಟಿಯ ಪಕ್ಕದಲ್ಲಿ, ನೀರು ನಿಂತ ನೆಲದಲ್ಲಿ, ಆ ಅಮ್ಮ ಸೀರೆ ಎತ್ತಿ ಕಟ್ಟಿ ಬಗ್ಗಿದ್ದರು. ಕೈ ಕಬ್ಬಿಣದ ಪೈಪಿನ ಕಡೆಗೆ ಹೋಗುತ್ತಿತ್ತು.

"ಮುಟ್ಟೊಡ್ಚಿ!" ಎಂದು ಕೂಗಿದ ಅಣ್ಣ. ಮುಟ್ಟಬೇಡಿ ಎಂಬುದಕ್ಕೆ ತುಳುವಿನಲ್ಲಿ ಅಷ್ಟೇ ಸಾಕು. ಅವರು ಕೈ ಹಿಂದೆ ತೆಗೆದುಕೊಂಡರು. ಅಣ್ಣ ಅವರನ್ನು ಒಣ ಜಗಲಿಗೆ ಹತ್ತಿಸಿ, ಟೆಸ್ಟರಿನ ತುದಿಯನ್ನು ಪೈಪಿಗೆ ತಾಗಿಸಿದ. ಟೆಸ್ಟರಿನ ದೀಪ ಕೆಂಪಗೆ ಉರಿಯಿತು. ಅವನು ನನ್ನನ್ನು ನೋಡಲಿಲ್ಲ. ಒಳಗೆ ಹೋಗಿ ಮೈನ್ ಇಳಿಸಿದ. ಪಂಪು ನಿಂತಿತು.

"ನಾನು ಫೋನಿನಲ್ಲಿ ಹೇಳಿದ್ದೆನಲ್ಲಮ್ಮ, ಆಫ್ ಮಾಡಿ ಅಂತ?"

"ನೀನಾ ಮಗಾ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನು ಹೇಳಿ ಮುಗಿಸುವಾಗ ಆ ಫೋನಿನ ಒಳಗಿನ ಹೆಂಗಸು ಶುರು ಮಾಡಿದ್ಳು ಅಂತ ಗ್ರಹಿಸಿದೆ. ದಯವಿಟ್ಟು ದಯವಿಟ್ಟು ಅಂತ ಹೇಳ್ತಾಳಲ್ಲ, ಅವಳು. ಮತ್ತೆ ಫೋನು ಚಾರ್ಜಿಗೆ ಇಟ್ಟೆ."

"ಹಾಗಾದರೆ ನೀವು ಯಾವು ಅಂದದ್ದಾ?"

"ನಾನೆಂತ ಹೇಳುದು? ಮೆಷಿನಿನ ಹತ್ರ ಯಾರಾದ್ರೂ ಮಾತಾಡ್ತಾರಾ?" ಎಂದು ನಕ್ಕರು. "ಕೂತ್ಕೊಳ್ಳಿ, ಚಾ ಮಾಡ್ತೇನೆ. ನೀರು ಬೆಳಿಗ್ಗೆಯದ್ದು ಉಂಟು."

ಆವೂ ಅಲ್ಲ, ಯಾವೂ ಅಲ್ಲ. ಹಾಗಿದ್ದರೆ ನಾನು ಕೇಳಿದ ಮಾತು ಯಾರದು? ಅವರು ದನಕ್ಕೆ ಏನಾದರೂ ಹೇಳಿದ್ದಿರಬಹುದು. ಏನೂ ಇಲ್ಲದ ಕಡೆ, ನನಗೆ ಬೇಕಾದ ಉತ್ತರವನ್ನು ನನ್ನ ಕಿವಿಯೇ ತುಂಬಿಕೊಂಡಿರಲೂಬಹುದು. ಇದನ್ನು ಬರೆಯುವಾಗಲೂ ಗೊತ್ತಿಲ್ಲ. ಅಂದು ಕುಡಿದ ಚಾದಲ್ಲಿ ಸಕ್ಕರೆ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ.

ಈಗ ಫೋನಿನಲ್ಲಿ ತುಳುವಿಗೆ ತುಳುವಿನಲ್ಲೇ ಉತ್ತರ ಕೊಡುತ್ತೇನೆ. ನೀರು ಕಚ್ಚುತ್ತದೆ ಎಂದು ಯಾರಾದರೂ ಹೇಳಿದರೆ, ಆವು ಎಂದರೂ ಫೋನು ಇಡಲು ಬಿಡುವುದಿಲ್ಲ. ಫೋನು ಹಿಡಿದುಕೊಂಡೇ ಮೈನಿನ ಹತ್ತಿರ ಹೋಗಿ ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. "ಎಂತ, ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳುತ್ತಾರೆ. ನಂಬಿಕೆ ಇಲ್ಲದಿರುವುದು ನನ್ನ ಕಿವಿಯ ಮೇಲೆ ಎಂದು ಹೇಳುವುದು ಹೇಗೆ? ಮೈನ್ ಇಳಿಸಿದಿರಾ ಎಂದಷ್ಟೇ ಮತ್ತೆ ಕೇಳುತ್ತೇನೆ. ಆ ಕಡೆ ಪಂಪಿನ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಅಷ್ಟರವರೆಗೆ ನಾನು ಫೋನು ಕಿವಿಯಿಂದ ತೆಗೆಯುವುದಿಲ್ಲ.